ಕೊಲಂಬೊದಿಂದ ಮಂಡ್ಯಕ್ಕೊಂದು ನೆರಳು

ಸಿಲೋನಿಗೆ ಹೋಗಿ ಬಂದೆನೆಂದರೆ ಸಾಕು, ನಮ್ಮ ಬೀದಿಯ ಹೆಂಗಸರು ಮೊದಲು ನನ್ನ ಕೊರಳನ್ನು ನೋಡುತ್ತಾರೆ, ಮುತ್ತಿನ ಸರವೇನಾದರೂ ಬಂದಿದೆಯೇ ಎಂದು. ಆಮೇಲೆ ಆನೆಗಳ ಬಗ್ಗೆ ಕೇಳುತ್ತಾರೆ. ಕೊನೆಗೆ, ಸೀತಮ್ಮನವರು ಕುಳಿತಿದ್ದ ವನ ಹೇಗಿದೆ ಅಂತ. ನಾನು ಮುತ್ತು ಕೊಳ್ಳಲಿಲ್ಲ, ಆನೆ ಒಂದನ್ನೂ ಕಾಣಲಿಲ್ಲ, ಅಶೋಕವನದ ಕಡೆಗೆ ನಾವು ತಲೆಯೇ ಹಾಕಲಿಲ್ಲ. ಸಮುದ್ರ ದಾಟಿ ಹೋದದ್ದು ಒಂದು ಕಚೇರಿಯ ಕಟ್ಟಡ ನೋಡುವುದಕ್ಕೆ. ಹೀಗೆಂದ ಕೂಡಲೇ ಅವರ ಮುಖದಲ್ಲಿ ನನ್ನ ಮೇಲೊಂದು ಮರುಕ ಮೂಡುತ್ತದಲ್ಲ, ಅದನ್ನು ಸಹಿಸಲಾರದೆ ಇಷ್ಟನ್ನು ಬರೆಯಲು ಕುಳಿತೆ.

ಮಂಡ್ಯ

ನಮ್ಮ ಮನೆಯವರು ಇಂಜಿನಿಯರು. ಬಹಳ ವರ್ಷ ನಾಲೆಯ ಕೆಲಸದಲ್ಲಿದ್ದು ಮೋರಿ, ತೂಬು, ಸಣ್ಣಪುಟ್ಟ ಸೇತುವೆ ಕಟ್ಟಿದವರು. ಅವರ ಕಾಂಕ್ರೀಟೆಲ್ಲ ನೀರಿನ ಕೆಳಗಿದೆ. ನೋಡಿ ಹೊಗಳಲು ಮೀನುಗಳಷ್ಟೇ. ಶಿವಪುರದಲ್ಲಿ ಬಾವುಟದ ಗಲಾಟೆಯಾದ ಮರುವರ್ಷ ಅವರು ಆ ಕೆಲಸ ಬಿಟ್ಟು, ಮನೆಯಲ್ಲೇ ಹಲಗೆ ಹಾಕಿಕೊಂಡು ಸ್ವಂತ ನಕ್ಷೆ ಬರೆಯಲು ಕುಳಿತರು. ಮೊದಲು ಕೈಗೆ ಬಂದ ಕಟ್ಟಡವೆಂದರೆ ನಮ್ಮೂರಿನ ಬೆಳೆಗಾರರ ಸಂಘದ ಕಚೇರಿ. ಹಳೆಯ ಹೆಂಚಿನ ಕಚೇರಿಗೆ ಅಂಟಿದಂತೆ ಕಾಂಕ್ರೀಟಿನಲ್ಲಿ ಒಂದು ಹೊಸ ಭಾಗ ಬೇಕಾಗಿತ್ತು.

ಬೇಕಾದದ್ದು ಯಾಕೆಂಬುದನ್ನು ಯಾರಾದರೂ ಒಂದು ಮಧ್ಯಾಹ್ನ ಅಲ್ಲಿಗೆ ಹೋದರೆ ತಿಳಿಯುತ್ತಿತ್ತು. ಪಶ್ಚಿಮದ ಕಿಟಕಿಗಳಿಂದ ಬಿಸಿಲು ಒಳಕ್ಕೆ ಬರುತ್ತಿದ್ದ ಹಾಗೆ ಗುಮಾಸ್ತರು ತಮ್ಮ ತಮ್ಮ ಮೇಜು ಎತ್ತಿಕೊಂಡು ಪೂರ್ವಕ್ಕೆ ಸರಿಯುತ್ತಿದ್ದರು. ಸಂಜೆಯ ವೇಳೆಗೆ ಎಲ್ಲ ಮೇಜುಗಳೂ ಒಂದೇ ಗೋಡೆಗೆ ಒತ್ತಿಕೊಂಡು, ಚಳಿಗೆ ಮುದುಡಿದ ಕೋಳಿಮರಿಗಳ ಹಾಗೆ ನಿಂತಿರುತ್ತಿದ್ದವು. ಮಾರನೆಯ ಬೆಳಿಗ್ಗೆ ಜವಾನ ಅವನ್ನೆಲ್ಲ ಮತ್ತೆ ಹಳೆಯ ಜಾಗಕ್ಕೆ ಎಳೆದು ಇಡುತ್ತಿದ್ದ.

ಇವರ ಮೊದಲ ನಕ್ಷೆ ನನ್ನ ಕಣ್ಣಿಗೆ ಬಹಳ ಚೆಂದವಾಗಿತ್ತು. ಸಾಲಾಗಿ ಪುಟ್ಟ ಪುಟ್ಟ ಕೋಣೆ, ಜನರು ಹೊರಗೆ ಸಾಲು ನಿಂತು ಕೆಲಸ ಮುಗಿಸಿಕೊಂಡು ಹೋಗಲು ಒಂದು ಕಿಂಡಿ. ಸಂಘದ ಅಧ್ಯಕ್ಷರು ಮಳವಳ್ಳಿ ಕಡೆಯ ಮರಿಗೌಡರು. ಅವರು ನಕ್ಷೆಯನ್ನು ತಲೆಕೆಳಗಾಗಿ ಒಮ್ಮೆ, ನೆಟ್ಟಗೆ ಒಮ್ಮೆ ನೋಡಿದರಂತೆ.

“ಸಾಲ್ನಲ್ಲಿ ನಿಂತ್ಕಳಾಕೆ ಅವ್ರೇನು ಸಿಪಾಯಿಗಳಾ ಪುಟ್ಟಸ್ವಾಮಯ್ಯ? ಒಬ್ಬನ ಕೆಲ್ಸಕ್ಕೆ ನಾಕ್ ಜನ ಬತ್ತಾರೆ. ಬಂದೋರು ಕುಂತ್ಕತಾರೆ. ಕುಂತ್ಮೇಲೆ ಮಾತು. ಸಂತೆ ದಿನ ಕಾಲಿಡಾಕೆ ಜಾಗ ಇರಾಕಿಲ್ಲ, ಮಾರನೆ ದಿನ ಕಾಗೆ ಕೂಗ್ತಿರ್ತದೆ. ಅಂಥ ಜನಕ್ಕೆ ಬೆಂಕಿಪೊಟ್ಟಣ ಮಾಡ್ಕಂಡು ಬಂದಿದ್ದೀಯಲ್ಲ!”

ಇವರು ಮರುಮಾತಾಡದೆ ನಕ್ಷೆ ಸುತ್ತಿಕೊಂಡು ಬಂದುಬಿಟ್ಟರು. ಇವರ ಸ್ವಭಾವವೇ ಹಾಗೆ. ತಪ್ಪು ತೋರಿಸಿದರೆ ಜಗಳವಾಡುವವರಲ್ಲ, ಸುತ್ತಿಕೊಂಡು ಎದ್ದು ಬರುವವರು. ಆಷಾಢ ಮುಗಿಯುವುದರೊಳಗೆ ಸಂಘ ಒಪ್ಪುವ ನಕ್ಷೆ ಬಾರದಿದ್ದರೆ ಕೆಲಸವನ್ನು ಬೆಂಗಳೂರಿನ ಕಂಟ್ರಾಕ್ಟರನಿಗೆ ಕೊಡುವುದೆಂದು ತೀರ್ಮಾನವಾಗಿತ್ತು. ಹಾಗಾದರೆ ಇವರು ಮತ್ತೆ ನಾಲೆಯ ಸಾಹೇಬರ ಬಾಗಿಲಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಲ್ಲಬೇಕು. ಮೋರಿಗೇ ಹುಟ್ಟಿದವನು ನಾನು ಎಂದು ಊಟದ ಎಲೆಯ ಮುಂದೆ ಒಮ್ಮೆ ಅಂದುಬಿಟ್ಟರು.

ಆಗ ನೆನಪಾದದ್ದು ಫ್ಲೋರಿ. ಮೈಸೂರಿನ ಕಾನ್ವೆಂಟಿನಲ್ಲಿ ನಾವಿಬ್ಬರೂ ಒಂದೇ ಬೆಂಚು. ಈಗ ಕೊಲಂಬೊದಲ್ಲಿದ್ದಾಳೆ, ಗಂಡ ಜೋಸೆಫ್ ಅಲ್ಲಿ ಕಟ್ಟಡಗಳ ನಕ್ಷೆ ಬರೆಯುವ ಕಚೇರಿಯಲ್ಲಿ ದೊಡ್ಡ ಕೆಲಸದಲ್ಲಿದ್ದಾನೆ. ಬಿಸಿಲಿಗೂ ಮಳೆಗೂ ಅಂಜದ ಹೊಸ ಬಗೆಯ ಕಾಂಕ್ರೀಟು ಕಚೇರಿಗಳು ಅಲ್ಲಿ ಏಳುತ್ತಿವೆ, ಬಂದು ನೋಡಿ ಎಂದು ನನ್ನ ಕಾಗದಕ್ಕೆ ಉತ್ತರ ಬರೆದಳು. ಇವರು ಎರಡನೆಯ ನಕ್ಷೆಯೊಂದನ್ನು ಟ್ರೇಸಿಂಗ್ ಬಟ್ಟೆಯ ಮೇಲೆ ಶಾಯಿಯಲ್ಲಿ ಮುಗಿಸಿ, ಜೋಸೆಫನಿಗೆ ತೋರಿಸಿ ಅಲ್ಲಿಯೇ ನೀಲಿ ಪ್ರತಿ ತೆಗೆಸುವುದೆಂದು ತಗಡಿನ ಕೊಳವೆಗೆ ಸೇರಿಸಿದರು. ಬಟ್ಟೆಯ ಅಡಿಯಲ್ಲಿಟ್ಟು ನೋಡಿಕೊಂಡು ಬರೆದಿದ್ದ ಪೆನ್ಸಿಲ್ ಹಾಳೆ ತಿದ್ದಿ ತಿದ್ದಿ ತೂತಾಗಿತ್ತು. ಅದನ್ನು ತಾವೇ ಒಲೆಗೆ ಹಾಕಿದರು.

ಹೊರಡುವ ಹಿಂದಿನ ದಿನ ಯಲಿಯೂರಿನಿಂದ ಅತ್ತೆಯವರು ಗಂಟು ಸಮೇತ ಬಂದಿಳಿದರು.

“ನಾನೂ ಬತ್ತೀನಿ ಕಣವ್ವ. ಸಮುದ್ರ ಅಂತಾರಲ್ಲ, ಅದೆಷ್ಟೈತೆ ನೋಡೇಬುಡ್ತೀನಿ.”

ಧನುಷ್ಕೋಡಿ

ಬೆಂಗಳೂರು, ತಿರುಚಿನಾಪಳ್ಳಿ ದಾಟಿದ ಮೇಲೆ ನೆಲ ಚಪ್ಪಟೆಯಾಗುತ್ತ ಹೋಯಿತು. ಕಡೆಗೆ ಮರಳು, ತಾಳೆಮರ, ಉಪ್ಪಿನ ವಾಸನೆ, ಇಷ್ಟೇ ಉಳಿದವು. ಮಂಟಪಂನಲ್ಲಿ, ಸಿಲೋನಿಗೆ ಹೋಗುವವರಿಗೆ ರೋಗವೇನಾದರೂ ಇದೆಯೇ ಎಂದು ವೈದ್ಯರು ಎಲ್ಲರ ನಾಲಗೆ ನೋಡುತ್ತಾರೆ. ಅತ್ತೆಯವರು ತಮ್ಮದನ್ನು ಉದ್ದಕ್ಕೆ ಚಾಚಿ ತೋರಿಸಿ, ಮತ್ತೆ ಒಳಕ್ಕೆಳೆದುಕೊಂಡು, “ಎಲ್ಲಿ, ನಿನ್ದೂ ತೋರ್ಸಪ್ಪ, ನೋಡಾನ” ಎಂದರು. ಪುಣ್ಯಕ್ಕೆ ಆ ತಮಿಳು ವೈದ್ಯರಿಗೆ ಅರ್ಥವಾಗಲಿಲ್ಲ. ಆಶೀರ್ವಾದವೆಂದು ತಿಳಿದು ಕೈಮುಗಿದರು.

ಅತ್ತೆಯವರ ಗಂಟಿನಲ್ಲಿದ್ದ ರಾಗಿ ಹಿಟ್ಟಿನ ಮೇಲೆ ಸುಂಕದವರಿಗೆ ಅನುಮಾನ ಬಂತು. ಒಬ್ಬ ಮೂಸಿದ, ಇನ್ನೊಬ್ಬ ಬೆರಳಲ್ಲಿ ಉಜ್ಜಿದ. ಅತ್ತೆಯವರು ಒಂದು ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಂಡು, ಬದುಕಿದ್ದೇನೆ ನೋಡಿ ಎನ್ನುವಂತೆ ಸೊಂಟದ ಮೇಲೆ ಕೈಯಿಟ್ಟು ನಿಂತರು. ಬಿಟ್ಟರು.

ರೈಲು ಸೇತುವೆ ಹತ್ತಿ ಸಮುದ್ರದ ಮೇಲೆ ಹೋದಾಗ ನಾನು ಕಣ್ಣು ಮುಚ್ಚಿಕೊಂಡಿದ್ದೆ. ಹಡಗು ಹತ್ತಿದ ಮೇಲೆ ಮುಚ್ಚಿದರೂ ಪ್ರಯೋಜನವಿರಲಿಲ್ಲ; ಹೊಟ್ಟೆಗೆ ಕಣ್ಣಿನ ಹಂಗಿಲ್ಲ. ಇವರು ತಗಡಿನ ಕೊಳವೆಯನ್ನು ಎಳೆಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದರು. ಒಂದು ಅಲೆ ಎದ್ದು ಬಂದು ನಮ್ಮೆಲ್ಲರನ್ನೂ ತೋಯಿಸಿತು. ಅತ್ತೆಯವರು ಮುಖ ಒರೆಸಿಕೊಂಡು ತುಟಿ ನೆಕ್ಕಿ, “ಇಷ್ಟ್ ನೀರಿದ್ರೂ ಒಂದ್ ಗುಂಟೆ ಗದ್ದೆಗೂ ಆಗಾಕಿಲ್ಲ. ಏನ್ ಸುಖ!” ಎಂದರು. ಆಚೆ ದಡದಲ್ಲಿ ಇಳಿದು ಕೊಲಂಬೊದ ರೈಲು ಹತ್ತುವವರೆಗೂ ಸಮುದ್ರದ ಕಡೆಗೆ ಅವರು ಮತ್ತೆ ನೋಡಲಿಲ್ಲ.

ಕೊಲಂಬೊ, ಫ್ಲೋರಿಯ ಮನೆ

ಫ್ಲೋರಿ ದಪ್ಪವಾಗಿದ್ದಾಳೆ, ನಗು ಮಾತ್ರ ಹಳೆಯದು. ನಾನೂ ಅವಳೂ ಮೈಸೂರಿನ ಕನ್ನಡದಲ್ಲಿ ಮಾತಿಗೆ ಕುಳಿತರೆ ಕಾನ್ವೆಂಟಿನ ಮದರ್ ಬಂದು ಗದರಿಸುವರೇನೋ ಎಂದು ಈಗಲೂ ಬೆನ್ನು ನೆಟ್ಟಗಾಗುತ್ತದೆ. ಅವಳ ಅಡಿಗೆಮನೆಯಲ್ಲಿ ತೆಂಗಿನಕಾಯಿ ಬೀಳದ ಪದಾರ್ಥವಿಲ್ಲ. ಬೀದಿಯಲ್ಲಿ ಹಳೆಯ ಕಾಲದ ಸಿಂಹಳದ ಗಂಡಸರು ತಲೆಗೂದಲು ಹಿಂದಕ್ಕೆ ಕಟ್ಟಿ ಬಾಗಿದ ಬಾಚಣಿಗೆ ಸಿಕ್ಕಿಸಿಕೊಂಡು ಓಡಾಡುತ್ತಾರೆ. ಅತ್ತೆಯವರು ಅದನ್ನು ಕಿಟಕಿಯಿಂದ ನೋಡುವುದಕ್ಕೆಂದೇ ಕುರ್ಚಿ ಹಾಕಿಸಿಕೊಂಡರು.

“ಗಂಡಸ್ರು ಬಾಚ್ಣಿಗೆ ಮುಡ್ಕಂಡವ್ರಲ್ಲವ್ವ! ನಮ್ಮೋರ್ಗೂ ಯೋಳ್ಬೇಕು. ದಿನಾ ಬಾಚ್ಣಿಗೆ ಎಲ್ಲಿ ಅಂತ ಕೇಳಾದಾದ್ರೂ ತಪ್ತದೆ.”

ಕೊಳವೆಯ ಮುಚ್ಚಳದ ಸಂದಿಯಿಂದ ಉಪ್ಪುನೀರು ಒಳಕ್ಕೆ ಇಳಿದಿತ್ತು. ಟ್ರೇಸಿಂಗ್ ಬಟ್ಟೆಯ ಒಂದು ಅಂಚು ಮಾತ್ರ ಮೆತ್ತಗಾಗಿತ್ತು. ಆರಲಿ ಎಂದು ಇವರು ಅದನ್ನು ಹಿತ್ತಲ ಜಗಲಿಯ ಕುರ್ಚಿಯ ಮೇಲೆ ಹರಡಿ, ಜೋಸೆಫನ ಜೊತೆ ಬೀದಿ ನೋಡಲು ಹೋದರು. ನಾನು ಫ್ಲೋರಿಯ ಜೊತೆ ಮಾರುಕಟ್ಟೆಗೆ ಹೋದೆ.

ಇಂಜಿನಿಯರ ಮನೆಯ ಹೆಂಗಸರಿಗೆ ಮುಂದಿನದನ್ನು ನಾನು ಹೇಳಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಟ್ರೇಸಿಂಗ್ ಬಟ್ಟೆ ಎಂಬುದು ಗಂಜಿ ಹಾಕಿ ತಿಕ್ಕಿದ ಬಲು ನಯವಾದ ನೂಲಿನ ಬಟ್ಟೆ. ಕೆಲಸ ಮುಗಿದ ಹಳೆಯ ನಕ್ಷೆಗಳನ್ನು ನಾವು ಎಸೆಯುವುದಿಲ್ಲ. ನೀರಿನಲ್ಲಿ ನೆನೆಹಾಕಿ ಒಗೆದರೆ ಗಂಜಿಯೂ ಶಾಯಿಯೂ ಬಿಟ್ಟು ಹೋಗಿ ಮಲ್ಲಿನಂಥ ಬಟ್ಟೆ ಸಿಗುತ್ತದೆ. ನಮ್ಮ ಮನೆಯ ಕರ್ಚೀಫು, ಮಕ್ಕಳ ಅಂಗಿ, ಹಾಲು ಸೋಸುವ ಬಟ್ಟೆ ಎಲ್ಲ ಒಂದು ಕಾಲಕ್ಕೆ ಮೋರಿಗಳಾಗಿದ್ದವೇ. ಇದನ್ನು ಅತ್ತೆಯವರಿಗೆ ಹೇಳಿಕೊಟ್ಟವಳು ನಾನು. ಯಲಿಯೂರಿಗೆ ಎಷ್ಟೋ ಸಲ ಅಂಥ ಬಟ್ಟೆ ಕಳಿಸಿಯೂ ಇದ್ದೆ.

ನಾವು ಮಾರುಕಟ್ಟೆಯಿಂದ ಬಂದಾಗ ಹಿತ್ತಲ ಹಗ್ಗದ ಮೇಲೆ ನಮ್ಮ ಸೀರೆಗಳ ನಡುವೆ ಬೆಳ್ಳಗೆ ಒಂದು ಬಟ್ಟೆ ತೂಗುತ್ತಿತ್ತು. ಸಂಘದ ಕಚೇರಿ. ಗೆರೆಯ ಗುರುತೂ ಇರಲಿಲ್ಲ.

ಇವರು ಬಂದರು, ನೋಡಿದರು. “ಅವ್ವಾ, ಏನ್ ಮಾಡ್ಬಿಟ್ಟೆ?”

“ಕೊಳೆ ಬಟ್ಟೆ ಕುರ್ಚಿ ಮ್ಯಾಲೆ ಬಿದ್ದಿತ್ತು, ಒಗ್ದೆ. ಯಾಕ್ಲಾ? ಮನೇಲಿ ನಿನ್ನೆಂಡ್ರೂ ಒಗೇದೆ ಇರ್ತಾಳಾ?”

ವಿಷಯ ತಿಳಿದ ಮೇಲೆ ಅತ್ತೆಯವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕುಳಿತರು. ಇವರು ತಣ್ಣಗೆ, ನಾಳೆಯ ರೈಲಿಗೆ ಹೊರಟುಬಿಡೋಣ ಎಂದರು. ಊರಿಗೆ ಹೋಗಿ ಏನು ಮಾಡುತ್ತಾರೆಂದು ನನಗೆ ಗೊತ್ತಿತ್ತು. ನಾಲೆಯ ಸಾಹೇಬರಿಗೆ ಒಂದು ಅರ್ಜಿ. ಫ್ಲೋರಿ ನನ್ನ ಕೈ ಹಿಡಿದುಕೊಂಡಳು.

ಅತ್ತೆಯವರೇ ಎದ್ದು ಬಂದರು. “ಬರ್ದೋನು ನೀನೇ ತಾನೆ? ಬಟ್ಟೆ ಒಗ್ದೆ, ತೆಪ್ಪಾಯ್ತು. ನಿನ್ ಕೈನೇನೂ ನಾನು ಒಗ್ದಾಕಿಲ್ವಲ್ಲ.”

ಜೋಸೆಫನಿಗೆ ಫ್ಲೋರಿ ಇದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಅವನು ಮೆಲ್ಲಗೆ ನಕ್ಕು, “ಹೇಗೂ ಈಗ ನೋಡುವುದಕ್ಕೆ ನಕ್ಷೆಯಿಲ್ಲ. ಹೋಗುವ ಮೊದಲು ಕಟ್ಟಡವನ್ನಾದರೂ ನೋಡಿ” ಎಂದ.

ಹಡಗು ಬಂದ ದಿನ

ಊರಿನ ಕೋಟೆಯ ಭಾಗದಲ್ಲಿ ಒಂದು ಹಡಗು ಕಂಪನಿಯ ಕಚೇರಿ, ಜೋಸೆಫನ ಕಚೇರಿಯವರೇ ನಕ್ಷೆ ಬರೆದು ಕಟ್ಟಿಸಿದ್ದು. ಹಳೆಯ ಹೆಂಚಿನ ಮನೆಗೆ ಹೊಸ ಕಾಂಕ್ರೀಟಿನ ಭಾಗವನ್ನು ಸೇರಿಸಿದ್ದರು. ಹಳೆಯದು ಅಜ್ಜಿಯ ಹಾಗೆ, ಹೊಸದು ಅವಳ ಕೈ ಹಿಡಿದು ನಿಂತ ಮೊಮ್ಮಗಳ ಹಾಗೆ ಕಾಣುತ್ತಿತ್ತು. ಪ್ರತಿ ಕಿಟಕಿಯ ಮೇಲೆ ಹುಬ್ಬಿನಂತೆ ಮುಂದಕ್ಕೆ ಚಾಚಿದ ಸಜ್ಜ. ಒಳಗೆ ಹೋದರೆ ಗೋಡೆಗಳೇ ಇಲ್ಲ! ಭಾರವನ್ನೆಲ್ಲ ಕಂಬಗಳು ಹೊತ್ತಿವೆ. ಕಂಬಗಳ ನಡುವೆ ಮಡಚುವ ಮರದ ತಟ್ಟಿಗಳು. ಅವು ಸೂರಿನವರೆಗೂ ಹೋಗದೆ ಆಳೆತ್ತರಕ್ಕೆ ನಿಂತಿದ್ದರಿಂದ ಗಾಳಿ ಮೇಲೆ ಮೇಲೆಯೇ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಓಡಾಡುತ್ತಿತ್ತು. ಯಾರ ಮೇಜಿನ ಕಾಗದವೂ ಹಾರುತ್ತಿರಲಿಲ್ಲ. ನಾನು ಗಮನಿಸಿದ್ದು ಅದನ್ನೇ: ಕಾಗದದ ಮೇಲೆ ಕಲ್ಲು ಇಟ್ಟಿರಲಿಲ್ಲ.

ನಮ್ಮ ಅದೃಷ್ಟಕ್ಕೆ ಅಂದು ಟಪಾಲು ಹಡಗು ಬಂದಿತ್ತು. ಗಂಟೆ ಬಾರಿಸಿದ ಕೂಡಲೇ ಜವಾನರು ತಟ್ಟಿಗಳನ್ನು ಪಟಪಟನೆ ಮಡಚಿ ಕಂಬಕ್ಕೆ ಒರಗಿಸಿದರು. ಐದಾರು ಕೋಣೆಗಳು ಕಣ್ಣೆದುರಿಗೇ ಒಂದು ಹಜಾರವಾದವು. ಜನ ನುಗ್ಗಿದರು. ನಾಳೆ ಮತ್ತೆ ಕೋಣೆಗಳಂತೆ.

“ಸಂತೆ ದಿನ” ಎಂದರು ಇವರು, ಯಾರಿಗೂ ಅಲ್ಲ.

ಮಾತು ಮುಗಿಯುವುದರೊಳಗೆ ಮಳೆ ಬಂತು. ನಮ್ಮೂರಿನ ಮಳೆ ಗುಡುಗಿ, ಧೂಳೆಬ್ಬಿಸಿ, ಹೇಳಿ ಕೇಳಿ ಬರುತ್ತದೆ. ಅಲ್ಲಿನದಕ್ಕೆ ಆ ಮರ್ಯಾದೆಯಿಲ್ಲ. ಸಮುದ್ರದ ಕಡೆಯಿಂದ ಓರೆಯಾಗಿ ಬಂದು ಬಡಿಯುತ್ತದೆ. ಜೊತೆಗೆ ಬಂದಿದ್ದ ಅತ್ತೆಯವರು ಹೊರಗೇ ಉಳಿದಿದ್ದರೆಂದು ನೆನಪಾಗಿ ನಾವು ಓಡಿದೆವು.

ಅವರು ಕಟ್ಟಡದ ಹೊರಗೋಡೆಯ ಬುಡದಲ್ಲಿ, ಹೂವಿನ ಕುಂಡ ಇಡಲೆಂದು ಮಾಡಿದ್ದ ಅಗಲವಾದ ಸಿಮೆಂಟಿನ ಕಟ್ಟೆಯ ಮೇಲೆ ಕಾಲು ಮಡಚಿ ಕುಳಿತಿದ್ದರು. ಎರಡು ಕುಂಡಗಳನ್ನು ಸರಿಸಿ ಜಾಗ ಮಾಡಿಕೊಂಡಿದ್ದರು. ಮುಂದೆ ಕಚೇರಿಯ ಕಾವಲುಗಾರ ನಿಂತು ಸಿಂಹಳದಲ್ಲಿ ಏನೋ ಹೇಳುತ್ತಿದ್ದ.

“ಏಳಾಕಿಲ್ಲ ಕಣಪ್ಪ. ಮಳೆ ನಿಂತ್ಮೇಲೆ ಏಳ್ತೀನಿ. ನಿನ್ ಗಿಡ ನಾನೇನ್ ತಿಂದೀನಾ?”

ಅವನು ಇನ್ನೊಂದು ಹೇಳಿದ. ಅತ್ತೆಯವರು ಇನ್ನೊಂದು ಹೇಳಿದರು. ಆ ಜಗಳದಲ್ಲಿ ಭಾಷೆಯ ಕೊರತೆ ಇಬ್ಬರಿಗೂ ಕಾಣಲಿಲ್ಲ. ಅಷ್ಟರಲ್ಲಿ ಬುಟ್ಟಿ ಹೊತ್ತ ಮೀನಿನವಳೊಬ್ಬಳು ಅತ್ತೆಯವರ ಪಕ್ಕದ ಕುಂಡ ಸರಿಸಿ ಕುಳಿತಳು. ಬಾಚಣಿಗೆಯ ಮುದುಕರೊಬ್ಬರು ಕುಳಿತರು. ತೋಟದ ಕೂಲಿಯವರಂತೆ ಕಾಣುವ ತಮಿಳಿನ ಗಂಡಹೆಂಡಿರು ಬಂದು ಕುಳಿತರು. ಕಾವಲುಗಾರ ಸೋತು, ತಾನೂ ಒಂದು ತುದಿಯಲ್ಲಿ ಕುಳಿತ. ಮೇಲಿನ ಸಜ್ಜ ಎಷ್ಟು ಮುಂದಕ್ಕೆ ಬಂದಿತ್ತೆಂದರೆ ಮಳೆಯ ಪರದೆ ಅವರ ಮೊಣಕಾಲಿನ ಆಚೆಗೆ ಇಳಿಯುತ್ತಿತ್ತು.

ಇವರು ಮಳೆಯಲ್ಲಿ ನೆನೆಯುತ್ತ ಅವರೆಲ್ಲರನ್ನೂ ನೋಡುತ್ತ ನಿಂತುಬಿಟ್ಟರು. ನಾನು ತೋಳು ಹಿಡಿದು ಎಳೆದರೂ ಬರಲಿಲ್ಲ. ಆಮೇಲೆ ಹೋಗಿ, ಮೀನಿನವಳು ಗಾಬರಿಯಾಗುವ ಹಾಗೆ ಅವಳ ಪಕ್ಕದ ಕಟ್ಟೆಯನ್ನು ಗೇಣು ಹಾಕಿ ಅಳೆಯತೊಡಗಿದರು.

ನಾಳೆಯ ರೈಲಿನ ಮಾತು ಮತ್ತೆ ಬರಲಿಲ್ಲ.

ಫ್ಲೋರಿಯ ಊಟದ ಮೇಜು

ನೋಡಿದ್ದನ್ನು ಹಾಗೆಯೇ ಮಂಡ್ಯಕ್ಕೆ ಎತ್ತಿಕೊಂಡು ಬರುವ ಹಾಗಿರಲಿಲ್ಲ. ಅದನ್ನು ಮೊದಲು ಹೇಳಿದವನು ಜೋಸೆಫ್. ಕೊಲಂಬೊದಲ್ಲಿ ಗಾಳಿ ಪಶ್ಚಿಮದ ಸಮುದ್ರದಿಂದ ಬರುತ್ತದೆ, ಸಂಜೆಯ ಬಿಸಿಲನ್ನು ಮೋಡವೇ ತಡೆಯುತ್ತದೆ, ಆದ್ದರಿಂದ ಪಶ್ಚಿಮಕ್ಕೆ ಕಟ್ಟಡವನ್ನು ತೆರೆದಿದ್ದೇವೆ, ನಿಮ್ಮಲ್ಲಿ ಹೇಗೆ ಎಂದು ಕೇಳಿದ. ನಮ್ಮಲ್ಲಿ ಕಷ್ಟವೇ ಅದು. ಗಾಳಿ ಬರುವುದೂ ಆ ಕಡೆಯಿಂದಲೇ, ಸುಡುವ ಬಿಸಿಲು ಬರುವುದೂ ಆ ಕಡೆಯಿಂದಲೇ. ಮುಚ್ಚಿದರೆ ಗುಮಾಸ್ತರು ಬೆವರುತ್ತಾರೆ, ತೆರೆದರೆ ಬೇಯುತ್ತಾರೆ.

ಇವರು ಕಂದು ಕಾಗದ ಹರಡಿಕೊಂಡು ಒಂದು ದಿನವೆಲ್ಲ ಕುಳಿತರು. ನಾನು ಪಕ್ಕದಲ್ಲೇ ಚಪಾತಿಗೆ ಹಿಟ್ಟು ಕಲಸುತ್ತಿದ್ದೆ. ಫ್ಲೋರಿಯ ಊಟದ ಮನೆಯ ಕಿಟಕಿಗೆ ಓರೆಯಾದ ಮರದ ಪಟ್ಟಿಗಳಿವೆ. ಬೆಳಕು ಅವುಗಳ ಮೇಲೆ ಜಾರಿ ನೆಲಕ್ಕೆ ಮುಟ್ಟುತ್ತಲೇ ಇರಲಿಲ್ಲ, ಗಾಳಿ ಮಾತ್ರ ನನ್ನ ಹಿಟ್ಟು ಒಣಗಿಸುತ್ತಿತ್ತು. ನಾನು ಅದಕ್ಕಾಗಿ ಗೊಣಗಿದೆ. ಇವರು ಕಿಟಕಿ ನೋಡಿದರು, ಹಿಟ್ಟು ನೋಡಿದರು. “ಒಂದು ಉಂಡೆ ಕೊಡು” ಎಂದರು.

ಹಿಟ್ಟನ್ನು ಉದ್ದಕ್ಕೆ ಹೊಸೆದು ಮೇಜಿನ ಮೇಲಿಟ್ಟು, ಅದರಲ್ಲಿ ಇಸ್ಪೀಟಿನ ಎಲೆಗಳನ್ನು ಸಾಲಾಗಿ, ನೆಟ್ಟಗೆ, ಮುಖ ಮಾತ್ರ ಸ್ವಲ್ಪ ಓರೆಯಾಗುವಂತೆ ಚುಚ್ಚಿ ನಿಲ್ಲಿಸಿದರು. ನಾನು ಟಾರ್ಚು ಹಿಡಿದು ಸೂರ್ಯನಾದೆ. ಫ್ಲೋರಿ ಬೀಸಣಿಗೆ ಹಿಡಿದು ಗಾಳಿಯಾದಳು. ಬೇಸಿಗೆಯ ಸಂಜೆ ನಮ್ಮಲ್ಲಿ ಬಿಸಿಲು ವಾಯವ್ಯದ ಕಡೆಗೆ ವಾಲಿ ಇಳಿಯುತ್ತದೆ, ಗಾಳಿ ನೈಋತ್ಯದಿಂದ ಬರುತ್ತದೆ. ಎಲೆಗಳ ಬೆನ್ನು ವಾಯವ್ಯಕ್ಕೆ, ಸಂದಿ ನೈಋತ್ಯಕ್ಕೆ ಇರುವಂತೆ ತಿರುಗಿಸಿದಾಗ ನನ್ನ ಟಾರ್ಚಿನ ಬೆಳಕು ಇಸ್ಪೀಟು ರಾಜರಾಣಿಯರ ಬೆನ್ನಿಗೆ ಬಡಿದು ಅಲ್ಲೇ ನಿಂತಿತು. ಫ್ಲೋರಿ ಬೀಸಿದ ಗಾಳಿಗೆ ಒಳಗಿಟ್ಟಿದ್ದ ಕಾಗದದ ಚೂರು ಅಲುಗಿತು.

“ಬಂತು, ಬಂತು!” ಎಂದು ಅತ್ತೆಯವರು ಕೂಗಿದರು, ಮಗ ಮೊದಲ ಹೆಜ್ಜೆ ಇಟ್ಟಾಗ ಕೂಗಿದ್ದರೇನೋ ಹಾಗೆ.

ಇವರು ನಕ್ಕರು. ಎಷ್ಟೋ ತಿಂಗಳಿಂದ ನಾನು ಆ ನಗು ನೋಡಿರಲಿಲ್ಲ. ಅಂದಿನ ಚಪಾತಿ ಸ್ವಲ್ಪ ಕಡಿಮೆ ಬಿತ್ತು, ಯಾರೂ ಕೇಳಲಿಲ್ಲ.

ಮತ್ತೆ ಮಂಡ್ಯ

ಆಷಾಢದ ಗಾಳಿ ಬೀಸುತ್ತಿದ್ದ ಒಂದು ದಿನ ಮರಿಗೌಡರು ತಾವೇ ನಮ್ಮ ಮನೆಗೆ ಬಂದರು. ಗಾಡಿಯನ್ನು ಬೇವಿನ ಮರದಡಿ ನಿಲ್ಲಿಸಿ ಜಗಲಿಯ ಮೇಲೆ ಕುಳಿತರು. ಇವರು ಹೊಸ ನಕ್ಷೆ ಹರಡಿ, ಮೂಲೆಗಳಿಗೆ ಹಿತ್ತಾಳೆ ಲೋಟ ಇಟ್ಟರು. ನಾನು ಕಾಫಿ ಕೊಟ್ಟು ಬಾಗಿಲ ಹಿಂದೆ ನಿಂತೆ. ಅತ್ತೆಯವರು ಹಿಂದೆ ನಿಲ್ಲುವವರಲ್ಲ, ಎದುರಿಗೇ ಕುಳಿತರು.

“ಈ ಸುತ್ತ ಇರಾದು ಏನಯ್ಯ?”

“ಕಟ್ಟೆ, ಗೌಡ್ರೆ. ಬಂದವರು ಕೂತ್ಕೊಳ್ಳೋಕೆ. ಮೇಲೆ ಸಜ್ಜ.”

“ಮಳೆ ಬಂದ್ರೆ?”

“ನಾನು ಕುಂತು ನೋಡಿವ್ನಿ ಕಣ್ ಗೌಡ” ಎಂದರು ಅತ್ತೆಯವರು. “ಸಮುದ್ರದ್ ಮಳೆ. ಒಂದ್ ಅನಿ ಬೀಳ್ನಿಲ್ಲ.”

ಮಡಚುವ ತಟ್ಟಿಗಳನ್ನು ಇವರು ವಿವರಿಸಿದರು. ಪಶ್ಚಿಮದ ಓರೆ ಹಲಗೆಗಳನ್ನು, ನಾಳೆ ಸಂಘ ಬೆಳೆದರೆ ಮಾಳಿಗೆ ಏರಿಸಲು ಕಂಬಗಳ ತಲೆಯಲ್ಲಿ ಬಿಡುವ ಕಂಬಿಯನ್ನು ವಿವರಿಸಿದರು. ಮರಿಗೌಡರು ಬೆರಳನ್ನು ನಕ್ಷೆಯ ಮೇಲೆ ಬೀದಿಯ ಕಡೆಯಿಂದ ಒಳಕ್ಕೆ, ಮತ್ತೆ ಒಳಗಿಂದ ಹೊರಕ್ಕೆ, ನಡೆಯುವವರ ಹಾಗೆ ಓಡಾಡಿಸಿದರು. ಆಮೇಲೆ ಬೇವಿನ ಮರದ ಕಡೆ ನೋಡಿದರು.

“ಎಲ್ಲಾ ಸರಿ ಕಣಯ್ಯ. ಎತ್ತು ಎಲ್ ನಿಂತ್ಕತವೆ?”

ಕೊಲಂಬೊದ ಆ ಬೀದಿಯಲ್ಲಿ ರಿಕ್ಷಾ ಇತ್ತು, ಮೋಟಾರು ಇತ್ತು. ಸಂತೆಯ ದಿನ ಮದ್ದೂರು, ಮಳವಳ್ಳಿ ಕಡೆಯಿಂದ ಬೆಳಗಿನ ಜಾವವೇ ಹೂಡಿಕೊಂಡು ಬರುವ ಗಾಡಿಗಳು ನಮ್ಮ ಯಾರ ತಲೆಯಲ್ಲೂ ಇರಲಿಲ್ಲ. ಇಸ್ಪೀಟಿನ ರಾಜರಿಗೆಲ್ಲ ನೆರಳು ಮಾಡಿದ್ದೆವು, ಎತ್ತುಗಳಿಗೆ ಮಾಡಿರಲಿಲ್ಲ.

ನಾನು ಬಾಗಿಲ ಸಂದಿಯಿಂದ ಇವರ ಕೈಯನ್ನೇ ನೋಡುತ್ತಿದ್ದೆ. ಆ ಕೈ ನಕ್ಷೆಯ ಅಂಚಿಗೆ ಹೋಯಿತು. ಒಂದು ಲೋಟ ಎತ್ತಿತು. ಕಾಗದ ತಾನಾಗಿಯೇ ಸ್ವಲ್ಪ ಸುರುಳಿಯಾಯಿತು.

ಇವರು ಲೋಟವನ್ನು ಮತ್ತೆ ಅದೇ ಮೂಲೆಗೆ ಇಟ್ಟು, ಕಿವಿಯ ಮೇಲಿದ್ದ ಪೆನ್ಸಿಲು ತೆಗೆದುಕೊಂಡರು.

“ಮಧ್ಯಾಹ್ನದ ಮೇಲೆ ಪೂರ್ವದ ಕಡೆ ನೆರಳು, ಗೌಡ್ರೆ. ಈ ಕೊನೇ ಅಂಕಣದ ಗೋಡೆ ತೆಗೆದುಬಿಡ್ತೀನಿ. ಬರೀ ಕಂಬ, ಮೇಲೆ ಸೂರು. ಗಾಡಿ ಬಿಚ್ಚಿ ಎತ್ತುಗಳನ್ನ ಒಳಗೆ ಕಟ್ಟಬಹುದು.” ರಬ್ಬರಿನಿಂದ ಗೋಡೆಯ ಗೆರೆಯನ್ನು ಅಲ್ಲೇ ಉಜ್ಜಿ ಅಳಿಸಿದರು.

ಮರಿಗೌಡರು ಮುಂದಕ್ಕೆ ಬಾಗಿದರು. “ಗೋಡೆ ಕಿತ್ರೆ ಮ್ಯಾಲಿಂದು ಬೀಳಾಕಿಲ್ವಾ?”

“ಇಲ್ಲ. ಗೋಡೆ ಏನೂ ಹೊತ್ತಿಲ್ಲ. ಹೊತ್ತಿರೋದು ಕಂಬ.”

“ನಾಳೆ ಎಲ್ರೂ ಲಾರೀಲೇ ಬಂದ್ರೆ?”

“ಗೋಡೆ ಹಾಕ್ಕೊಂಡು ಕೋಣೆ ಮಾಡ್ಕೊಳ್ಳಿ. ಬೇಡ ಅಂದ್ರೆ ಮತ್ತೆ ತೆಗೀರಿ.”

ಗೌಡರು ರಬ್ಬರಿನ ಪುಡಿಯನ್ನು ಉಫ್ ಎಂದು ಊದಿದರು. ಮರದಡಿಯಿಂದ ಅವರ ಎತ್ತೊಂದು ಜೋರಾಗಿ ಮೂಗಿನಲ್ಲಿ ಉಸಿರು ಬಿಟ್ಟಿತು.

“ಅಂಕಣ ಇನ್ನೊಂದ್ ಮೊಳ ಅಗ್ಲ ಬುಡಯ್ಯ” ಎಂದರು. “ನನ್ನೆತ್ತು ಪಕ್ಕದ್ ಎತ್ತುಗಳ್ನ ಹಾಯ್ತವೆ.”